ಸೋಮವಾರ ಬೆಳಿಗ್ಗೆ ಮಷಿನ್ ನಾರುತ್ತಿದೆಯಾ? ಕೂಲಂಟ್ ಟ್ಯಾಂಕ್ ತೊಳೆಯುವುದು ಹೀಗೆ

ಭಾನುವಾರದ ರಜೆ ಮುಗಿಸಿ ಬಂದು ಶಟರ್ ಎತ್ತಿದ ಕೂಡಲೇ ಕೊಳೆತ ಮೊಟ್ಟೆ ವಾಸನೆ. ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ ಕಡೆ ಸಿಎನ್‌ಸಿ (ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯುವ ಮಷಿನ್) ಇಟ್ಟುಕೊಂಡವರಿಗೆ ಇದು ಹೊಸದೇನಲ್ಲ. ಊದುಬತ್ತಿ ಹಚ್ಚಿದರೆ ಹೋಗುವ ವಾಸನೆಯೂ ಅಲ್ಲ. ಕೂಲಂಟ್ ಅಂದರೆ ಕೊರೆಯುವಾಗ ಬಿಸಿ ಇಳಿಸಲು ಸುರಿಯುವ ಆಯಿಲ್-ನೀರಿನ ಮಿಶ್ರಣ. ಮಷಿನ್ ನಿಂತಾಗ ಬೆಡ್ ಆಯಿಲ್ (ಮಷಿನ್ನಿನ ಜಾರುವ ಭಾಗಗಳಿಗೆ ಬಿಡುವ ಎಣ್ಣೆ) ಇದರ ಮೇಲೆ ಕೆನೆ ಕಟ್ಟಿದ ಹಾಗೆ ಮುಚ್ಚಿಕೊಳ್ಳುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ, ಆಗ ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಅಡಿಯ ಗಸಿಯಲ್ಲಿ ಬೆಳೆದು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ.

ನಾನು ಮೊದಲ ಸಲ ಹಳೇ ಕೂಲಂಟ್ ತೆಗೆದು ಸುಮ್ನೆ ಹೊಸದು ಸುರಿದಿದ್ದೆ. ಹದಿನೈದು ದಿನಕ್ಕೆ ಮತ್ತೆ ಅದೇ ಗಬ್ಬು. ಹುಳಿ ಮಜ್ಜಿಗೆಯ ಪಾತ್ರೆ ತೊಳೆಯದೆ ಹಾಲು ಹುಯ್ದರೆ ಇನ್ನೇನಾಗುತ್ತದೆ?

ಅದಕ್ಕೇ ಕೆಲಸ ಹಿಂದಿನ ದಿನವೇ ಶುರುವಾಗಬೇಕು. ಮೇಲಿನ ಎಣ್ಣೆ ತೆಗೆದು, ಕೂಲಂಟ್ ಕಂಪನಿಯವರೇ ಮಾರುವ ಟ್ಯಾಂಕ್ ಕ್ಲೀನರನ್ನು ಹಳೇ ಕೂಲಂಟ್‌ಗೇ ಬೆರೆಸಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಮಷಿನ್ ಓಡಿಸಿ. ಪೈಪಿನೊಳಗಿನ ಲೋಳೆ ಬಿಡುವುದು ಇದರಿಂದಲೇ. ಬಟ್ಟೆ ಸೋಪಿನ ಪುಡಿ ಹಾಕಬೇಡಿ, ನೊರೆ ಉಕ್ಕಿ ಪಂಪು ಒದ್ದಾಡುತ್ತದೆ.

ಮರುದಿನ ಮೇನ್ ಸ್ವಿಚ್ ಆಫ್ ಮಾಡಿ, ಬೇರೆ ಯಾರೂ ಆನ್ ಮಾಡದ ಹಾಗೆ ಬೀಗ ಹಾಕಿ. ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ. ಟ್ಯಾಂಕಿನೊಳಗೆ ತಲೆ ತೂರಿಸಬೇಡಿ, ಆ ಗ್ಯಾಸ್ ಒಳ್ಳೆಯದಲ್ಲ. ಕೂಲಂಟನ್ನೆಲ್ಲ ಬ್ಯಾರೆಲ್‌ಗೆ ತುಂಬಿ. ಇದನ್ನು ಚರಂಡಿಗೆ ಬಿಡುವವರಿದ್ದಾರೆ, ಗೊತ್ತು, ಆದರೆ ನಮ್ಮ ಬೋರ್‌ವೆಲ್‌ಗಳೂ ಇಲ್ಲೇ ಇವೆ ಅಲ್ವಾ? 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಇದು ಪರವಾನಗಿ ಇರುವವರ ಕೈಗೇ ಹೋಗಬೇಕು.

ಈಗ ನಿಜವಾದ ಕೆಲಸ. ಟ್ಯಾಂಕ್ ಎಳೆದು, ಜಾಲರಿ ಬಿಚ್ಚಿ, ಪಂಪಿನ ಹಿಂದಿನ ಮೂಲೆಗೆ ಬ್ಯಾಟರಿ ಬಿಡಿ. ಮೇಲೆ ಹೊಳೆಯುವ ಚಿಪ್ಸು (ಕೊರೆದಾಗ ಬಿದ್ದ ಲೋಹದ ಚೂರು), ಅದರ ಕೆಳಗೆ ರಾಗಿ ಅಂಬಲಿಯಷ್ಟು ಗಟ್ಟಿಯ ಕಪ್ಪು ಕೆಸರು. ನನ್ನ ಟ್ಯಾಂಕಿನಲ್ಲಿ ಅದರೊಳಗೆ ಒಂದು ಗ್ಲೌಸು, ಎರಡು ಬೀಡಿ ತುಂಡು, ಕಳೆದುಹೋಗಿದ್ದ ಆಲನ್ ಕೀ ಸಿಕ್ಕವು. ಸ್ಕ್ರೇಪರ್‌ನಲ್ಲಿ ಕೆರೆದು ತೆಗೆಯಿರಿ. ಏರ್ ಗನ್ ಹೊಡೆದರೆ ಕೆಸರು ಮುಖಕ್ಕೇ ಬರುತ್ತದೆ. ಚಿಪ್ ಕನ್ವೇಯರ್ ಅಡಿ, ಪಂಪಿನ ಜಾಲರಿ ಬಿಡಬೇಡಿ, ಅಲ್ಲಿ ಉಳಿದ ಒಂದು ಹಿಡಿ ಗಸಿ ಸಾಕು, ಹೊಸ ಕೂಲಂಟ್ ಕೆಡಲು.

ಆಮೇಲೆ ನೀರು ತುಂಬಿ ಪಂಪ್ ಓಡಿಸಿ, ಹೊರಹಾಕಿ. ತಿಳಿಯಾಗಿ ಬರುವ ತನಕ ಮಾಡಿ. ಆ ನೀರೂ ಬ್ಯಾರೆಲ್‌ಗೇ.

ಹೊಸದು ಬೆರೆಸುವಾಗ ನಮ್ಮ ಊರಿನ ಬೋರ್ ನೀರೇ ಶತ್ರು. ಸೋಪು ನೊರೆ ಬಾರದ ಗಡಸು ನೀರಿನಲ್ಲಿ ಕೂಲಂಟ್ ಆಯಿಲ್ ಹಾಲು ಒಡೆದ ಹಾಗೆ ಒಡೆಯುತ್ತದೆ. ನೀರು ಆವಿಯಾದರೂ ಉಪ್ಪು ಟ್ಯಾಂಕಲ್ಲೇ ಉಳಿದು, ಪ್ರತಿ ಸಲ ನೀರು ಸೇರಿಸಿದಾಗ ಇನ್ನಷ್ಟು ಜಾಸ್ತಿ ಆಗುತ್ತದೆ. ಆರ್‌ಒ ನೀರು ಸಿಕ್ಕರೆ ಅದನ್ನೇ ಬಳಸಿ. 200 ಲೀಟರ್ ಟ್ಯಾಂಕಿಗೆ 5% ಅಂದರೆ 190 ಲೀಟರ್ ನೀರು, 10 ಲೀಟರ್ ಆಯಿಲ್. ಮೊದಲು ನೀರು, ಅದಕ್ಕೆ ಆಯಿಲನ್ನು ಕಲಕುತ್ತಾ ಸುರಿಯಬೇಕು. ಉಲ್ಟಾ ಮಾಡಿದರೆ ಗಂಜಿಯಂತೆ ಗಟ್ಟಿಯಾಗಿ ಕೂರುತ್ತದೆ.

ಆಯಿಲ್ ಎಷ್ಟು ಬೆರೆತಿದೆ ಎಂದು ಅಳೆಯುವ ರಿಫ್ರ್ಯಾಕ್ಟೋಮೀಟರ್‌ಗೆ ಒಂದು ಹನಿ ಬಿಟ್ಟು ನೋಡಿ. ಅಲ್ಲಿ ಕಂಡ ಅಂಕಿಯನ್ನೇ ನಂಬಬೇಡಿ, ಆಯಿಲ್ ಡಬ್ಬಿಯಲ್ಲಿರುವ ಫ್ಯಾಕ್ಟರ್‌ನಿಂದ ಗುಣಿಸಿ. ಅಂಕಿ 3, ಫ್ಯಾಕ್ಟರ್ 1.5 ಇದ್ದರೆ ನಿಮ್ಮದು 4.5%, ಇನ್ನು ಸ್ವಲ್ಪ ಆಯಿಲ್ ಬೇಕು. ಮುಂದೆ ಮಟ್ಟ ಇಳಿದಾಗ ಬರೀ ನೀರು ಹುಯ್ಯದೆ ತೆಳುವಾಗಿ ಆಯಿಲ್ ಬೆರೆಸಿದ ನೀರನ್ನೇ ಹಾಕಿ, ಮೇಲೆ ತೇಲುವ ಎಣ್ಣೆಯನ್ನು ಶನಿವಾರ ಮನೆಗೆ ಹೋಗುವ ಮುಂಚೆ ತೆಗೆದುಬಿಡಿ. ತೊಳೆದ ತಾರೀಖನ್ನು ಟ್ಯಾಂಕಿನ ಮೇಲೇ ಪೇಂಟ್ ಮಾರ್ಕರ್‌ನಲ್ಲಿ ಬರೆಯಿರಿ, ಪುಸ್ತಕದಲ್ಲಿ ಬರೆದರೆ ಯಾರೂ ತೆಗೆದು ನೋಡುವುದಿಲ್ಲ.