ಹಳೇ ಆಕ್ಟೇವಿಯಾ ಆರ್‌ಎಸ್ ಕೊಳ್ಳುವ ಮುಂಚೆ

ಪುಣೆಯಲ್ಲಿ ನಾನು ಕೊಂಡ ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ಕಾರಿಗೆ ಮೊದಲೇ ರೀಮ್ಯಾಪ್ ಆಗಿತ್ತು, ಅಂದರೆ ಪವರ್ ಏರಿಸಲು ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿದ್ದರು. ಮಾರಿದವರು ಬಾಯಿ ಬಿಡಲಿಲ್ಲ. ಎರಡೇ ತಿಂಗಳಿಗೆ ಕ್ಲಚ್ ಜಾರತೊಡಗಿತು. ನಿಮಗೆ ಹಾಗಾಗಬಾರದು.

ಮೊದಲು ಗಾಡಿಯನ್ನು ಗ್ಯಾರೇಜಿನ ಲಿಫ್ಟಿಗೆ ಏರಿಸಿ, ಟಾರ್ಚ್ ಹಿಡಿದು ಕೆಳಗಿನಿಂದ ನೋಡಿ. ನನ್ನ ಗಾಡಿಯ ಸೈಲೆನ್ಸರ್ ಪೈಪೆಲ್ಲ ತುಕ್ಕು ಹಿಡಿದಿತ್ತು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹತ್ತಿರದ ನಟ್‌ಗಳು ಮಾತ್ರ ಪಳಪಳ ಹೊಳೆಯುತ್ತಿದ್ದವು. ಬೇರೆ ಪೈಪ್ ಹಾಕಿ ಓಡಿಸಿ, ಮಾರುವಾಗ ಕಂಪನಿಯದ್ದನ್ನೇ ವಾಪಸ್ ಕೂರಿಸಿದ್ದರು. ಆವತ್ತೇ ನೋಡಿದ್ದರೆ ಗೊತ್ತಾಗುತ್ತಿತ್ತು ಅಲ್ವಾ?

ರೀಮ್ಯಾಪ್ ಕಣ್ಣಿಗೆ ಕಾಣಲ್ಲ, ಅದು ಬರೀ ಸಾಫ್ಟ್‌ವೇರ್. ಗಾಡಿಯ ಕಂಪ್ಯೂಟರ್ ಓದುವ ಓಬಿಡಿ ಸ್ಕ್ಯಾನರ್ ಹಾಕಿಸಿ. ಗಾಡಿ ತನ್ನನ್ನೇ ಪರೀಕ್ಷಿಸಿಕೊಳ್ಳುವ ರೆಡಿನೆಸ್ ಮಾನಿಟರ್‌ಗಳು ಪೂರ್ತಿಯಾಗಿಲ್ಲ ಅಂತ ತೋರಿಸಿದರೆ ಈಚೆಗೆ ದೋಷದ ಕೋಡ್ ಅಳಿಸಿರಬಹುದು, ಬ್ಯಾಟರಿ ಬಿಚ್ಚಿರಲೂಬಹುದು. ಯಾಕೆ ಅಂತ ಕೇಳಿ.

ಆಮೇಲೆ ಪುಣೆಯ ಕಾತ್ರಜ್ ಘಾಟಿನಂಥ ಏರುರಸ್ತೆ ಹತ್ತಿಸಿ. ಮ್ಯಾನುಯಲ್ ಮೋಡಿಗೆ ಹಾಕಿ, ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ ಸರ್ರನೆ ಏರಿ ವೇಗ ಏರದಿದ್ದರೆ ಕ್ಲಚ್ ಸೋತಿದೆ. ಕಂಪನಿ ಲೆಕ್ಕದಲ್ಲಿ ಪವರ್ 230 ಪಿಎಸ್, ಟಾರ್ಕ್ 350 ಎನ್‌ಎಂ. ಜಾಸ್ತಿ ಅನುಮಾನ ಬಂದರೆ ಪವರ್ ಅಳೆಯುವ ಡೈನೋ ಟೆಸ್ಟ್ ಮಾಡಿಸಿ.

ತಿಳಿಸದ ಮಾಡಿಫಿಕೇಶನ್ ಇದ್ದರೆ ವಿಮೆ ಕಂಪನಿ ಕ್ಲೇಮ್ ತಳ್ಳಿಹಾಕಬಹುದು. ಏನೇನು ಬದಲಾಗಿದೆ ಅಂತ ಮಾರುವವರಿಂದ ಬರೆಸಿಕೊಂಡೇ ಅಡ್ವಾನ್ಸ್ ಕೊಡಿ.