ಹುಣಸೆ ಬೀಜ ಹಿಡಿದು ಬಯೋಸ್ಟ್ಯಾಟಿಸ್ಟಿಕ್ಸ್ ಹೇಳಿಕೊಟ್ಟ ಅನುಭವ

ಸಾವಿರದಲ್ಲಿ ಒಬ್ಬರಿಗೆ ಇರುವ ಕಾಯಿಲೆ. ಕಾಯಿಲೆ ಇಲ್ಲದವರಲ್ಲೂ ನೂರಕ್ಕೆ ಐದು ಜನರಿಗೆ ಟೆಸ್ಟ್ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಬೇರೇನೂ ಗೊತ್ತಿಲ್ಲದ ಒಬ್ಬರಿಗೆ ಪಾಸಿಟಿವ್ ಬಂದರೆ ಕಾಯಿಲೆ ಇರುವ ಸಾಧ್ಯತೆ ಎಷ್ಟು? 1978ರಲ್ಲಿ ಹಾರ್ವರ್ಡ್‌ನ ಬೋಧನಾ ಆಸ್ಪತ್ರೆಗಳಲ್ಲಿ 60 ಜನ ವೈದ್ಯರು ಮತ್ತು ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಹಾಕಿದ್ದರು. ಸರಿ ಉತ್ತರ, ಅಂದರೆ ನೂರಕ್ಕೆ ಸುಮಾರು ಎರಡು ಎಂದವರು 11 ಜನ. ಅತಿ ಹೆಚ್ಚು ಜನ ಕೊಟ್ಟ ಉತ್ತರ 95. ಕಾರವಾರದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಬಯೋಸ್ಟ್ಯಾಟಿಸ್ಟಿಕ್ಸ್, ಅಂದರೆ ವೈದ್ಯಕೀಯಕ್ಕೆ ಬೇಕಾದ ಸಂಖ್ಯಾಶಾಸ್ತ್ರ, ಹೇಳಿಕೊಡುವ ನಾನು ಪ್ರತಿ ಬ್ಯಾಚಿಗೂ ಮೊದಲ ದಿನ ಇದೇ ಪ್ರಶ್ನೆ ಹಾಕುತ್ತೇನೆ. 150 ಮಕ್ಕಳಲ್ಲಿ ಹದಿನೈದು-ಇಪ್ಪತ್ತು ಜನ ಸರಿ ಬರೆದರೆ ಹೆಚ್ಚು. ಇಂಥ ಸಾಧ್ಯತೆಯ ಲೆಕ್ಕ ಹಾಕುವ ಬೇಯ್ಸ್ ಸೂತ್ರವನ್ನು ಬೋರ್ಡಿನ ಮೇಲೆ ಬರೆದು ಎರಡು ತಾಸು ವಿವರಿಸಿದ ಕಾಲದಲ್ಲಿ, ಕ್ಲಾಸ್ ಮುಗಿದ ಮೇಲೆ ಕೇಳಿದರೆ ಅದು ನಲವತ್ತಕ್ಕೆ ಏರುತ್ತಿತ್ತು. ಆರು ತಿಂಗಳ ನಂತರ ವಾರ್ಡಿನಲ್ಲಿ ಕೇಳಿದರೆ ಮತ್ತೆ ಇಪ್ಪತ್ತು.

ಈಗ ಆರು ತಿಂಗಳ ನಂತರವೂ ಹತ್ತರಲ್ಲಿ ಏಳು ಜನ ಸರಿ ಹೇಳುತ್ತಾರೆ. ಸೂತ್ರ ಬಿಟ್ಟು ಹುಣಸೆ ಬೀಜ ಹಿಡಿದು ಇದು ಐದನೇ ಮಳೆಗಾಲ. ಶೇಕಡಾ ಲೆಕ್ಕದ ಬದಲು 'ಸಾವಿರ ಜನರಲ್ಲಿ ಇಷ್ಟು ಜನ' ಎಂದು ಕೊಟ್ಟರೆ ತಲೆಗೆ ಹತ್ತುತ್ತದೆ ಎಂದು ಮನೋವಿಜ್ಞಾನಿಗಳಾದ ಗೆರ್ಡ್ ಗಿಗರೆನ್ಜರ್ ಮತ್ತು ಉಲ್ರಿಕ್ ಹಾಫ್ರಾಗೆ 1995ರಲ್ಲೇ ತೋರಿಸಿದ್ದಾರೆ. ನಾನು ಮಾಡಿದ್ದು ಆ ಸಾವಿರ ಜನರನ್ನು ಕೈಗೆ ಸಿಗುವಂತೆ ಮಾಡಿದ್ದು, ಅಷ್ಟೇ. ಆದರೆ ಅಷ್ಟು ಮಾಡುವುದಕ್ಕೇ ಎರಡು ವರ್ಷ ಹೋಯಿತು. 'ಚೌಕಾಬಾರ ಆಡಿಸುತ್ತಿದ್ದಾರೆ, ಪರೀಕ್ಷೆಯಲ್ಲಿ ಕೇಳುವುದು ಕೈ ಸ್ಕ್ವೇರ್' (ಗುಂಪುಗಳ ನಡುವಿನ ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡುವ ಲೆಕ್ಕ) ಎಂದ ಸಹೋದ್ಯೋಗಿಗಳಲ್ಲಿ ಇಬ್ಬರು ಈಗ ನನ್ನ ತಟ್ಟೆಗಳನ್ನೇ ಒಯ್ಯುತ್ತಾರೆ.

ಬೀಜದ ವಿಷಯ ಮೊದಲು ಹೇಳುತ್ತೇನೆ, ದುಡ್ಡು ಹೋದದ್ದು ಅಲ್ಲಿಯೇ. ಮೊದಲ ವರ್ಷ ಕಾಬೂಲಿ ಕಡಲೆ ತಂದೆ. ಕರಾವಳಿಯ ಜುಲೈನಲ್ಲಿ ಮೂರು ವಾರಕ್ಕೆ ಬೂಸ್ಟು, ಐದನೇ ವಾರಕ್ಕೆ ಹುಳ. ಅಡಿಕೆ ಉರುಳುತ್ತದೆ, ಮೇಜಿನ ಮೇಲೆ ನಿಲ್ಲುವುದಿಲ್ಲ, ಬೆಲೆಯೂ ಜಾಸ್ತಿ. ಪ್ಲಾಸ್ಟಿಕ್ ಮಣಿಗೆ 1,400 ರೂಪಾಯಿ ಹೋಯಿತು. ಮಣಿಯ ಬಣ್ಣ ಎಲ್ಲ ಕಡೆಯಿಂದಲೂ ಕಾಣುತ್ತದೆ, ನನಗೆ ಬೇಕಿದ್ದದ್ದು ಒಂದು ಬದಿ ಮುಚ್ಚಿಡುವ ವಸ್ತು. ಅದು ಏಕೆ ಬೇಕು ಎನ್ನುವುದರಲ್ಲೇ ಇಡೀ ಪಾಠ ಇದೆ.

ಹುಣಸೆ ಬೀಜ ಚಪ್ಪಟೆ, ಗಟ್ಟಿ, ಹುಣಸೆಹಣ್ಣು ಬಿಡಿಸುವವರ ಮನೆಯಲ್ಲಿ ಪುಕ್ಕಟೆ. ಕಲ್ಲಿಗೆ ತಿಕ್ಕಿದರೆ ಒಂದು ಮುಖ ಬೆಳ್ಳಗಾಗುತ್ತದೆ. ಬಿಳಿ ಮುಖ ಅಂದರೆ ಟೆಸ್ಟ್ ಪಾಸಿಟಿವ್. ಬೀಜ ಯಾವುದೇ ಇರಲಿ, ಬೆನ್ನ ಮೇಲೆ ಕೆಂಪು ಚುಕ್ಕಿ ಇದ್ದರೆ ನಿಜವಾಗಿ ಕಾಯಿಲೆ ಇದೆ. ತಟ್ಟೆಯಲ್ಲಿ ಚುಕ್ಕಿಗಳೆಲ್ಲ ಕೆಳಗೆ. ಮಕ್ಕಳು ಬಿಳಿಯವನ್ನು ಹೆಕ್ಕುತ್ತಾರೆ, ಆಮೇಲೆ ಮಗುಚಿ ಚುಕ್ಕಿ ಎಣಿಸುತ್ತಾರೆ. ಓಪಿಡಿಯಲ್ಲಿ ಆಗುವುದೂ ಇದೇ: ಕೈಗೆ ಮೊದಲು ಬರುವುದು ರಿಪೋರ್ಟ್, ಕಾಯಿಲೆ ಅದರ ಹಿಂದೆ ಮುಚ್ಚಿರುತ್ತದೆ. ಚುಕ್ಕಿ ಮೇಲೆ ಕಾಣುವಂತೆ ಇಟ್ಟ ವರ್ಷ ಎಲ್ಲರ ಕೈಯೂ ನೇರ ಕೆಂಪಿಗೇ ಹೋಗುತ್ತಿತ್ತು. ಕೆಂಪನ್ನು ಹೆಕ್ಕಿ ಅದರಲ್ಲಿ ಬಿಳಿ ಎಷ್ಟು ಎಂದು ಎಣಿಸಿದರೆ ಸಿಗುವುದು ಸೆನ್ಸಿಟಿವಿಟಿ. ಅದನ್ನೇ ಪ್ರಿಡಿಕ್ಟಿವ್ ವ್ಯಾಲ್ಯೂ, ಅಂದರೆ ಪಾಸಿಟಿವ್ ಬಂದವರಲ್ಲಿ ಕಾಯಿಲೆ ಇರುವವರ ಪಾಲು, ಎಂದು ಬರೆಯುತ್ತಿದ್ದರು. ಪರೀಕ್ಷೆಯಲ್ಲಿ ಮಾಡುವ ತಪ್ಪು ಬೆರಳ ತುದಿಯಲ್ಲೇ ಕಂಡಿತು. ಚುಕ್ಕಿ ಕೆಳಗೆ ಹೋದ ದಿನವೇ ಆ ತಪ್ಪು ಮುಕ್ಕಾಲು ಪಾಲು ಹೋಯಿತು.

ಎರಡು ಸೆಟ್ ಮಾಡಿ, ಎರಡಕ್ಕೂ ಸಾವಿರ ಸಾವಿರ ಬೀಜ. ಟೆಸ್ಟ್ ಎರಡರಲ್ಲೂ ಒಂದೇ, ಸೆನ್ಸಿಟಿವಿಟಿ ನೂರಕ್ಕೆ 90, ಸ್ಪೆಸಿಫಿಸಿಟಿ (ಕಾಯಿಲೆ ಇಲ್ಲದವರಲ್ಲಿ ನೆಗೆಟಿವ್ ಬರುವವರ ಪಾಲು) 90. ಇವು ಲೆಕ್ಕ ಸುಲಭವಾಗಲಿ ಎಂದು ಇಟ್ಟ ಅಂಕಿ, ಯಾವ ಕಿಟ್‌ನದ್ದೂ ಅಲ್ಲ.

ಮೊದಲ ಸೆಟ್: ಜ್ವರ ಇಲ್ಲ, ಏನೂ ಇಲ್ಲ, ಪ್ಯಾಕೇಜ್ ಚೆಕಪ್‌ಗೆ ಬಂದವರು. ಸಾವಿರದಲ್ಲಿ 20 ಜನರಿಗೆ ಕಾಯಿಲೆ. ಬಿಳಿ ಮತ್ತು ಚುಕ್ಕಿ ಎರಡೂ ಇರುವವು 18, ಚುಕ್ಕಿ ಮಾತ್ರ 2, ಬಿಳಿ ಮಾತ್ರ 98, ಏನೂ ಇಲ್ಲದವು 882. ಹೆಕ್ಕಿದರೆ 116 ಬಿಳಿ ಬೀಜ, ಮಗುಚಿದರೆ 18 ಚುಕ್ಕಿ. ನೂರಕ್ಕೆ ಹದಿನೈದು-ಹದಿನಾರು.

ಎರಡನೇ ಸೆಟ್: ಆಗಸ್ಟ್ ತಿಂಗಳು, ಅಂಕೋಲಾ ಕಡೆಯ ಗದ್ದೆಯಲ್ಲಿ ವಾರಗಟ್ಟಲೆ ನೀರಿನಲ್ಲಿ ನಿಂತವರು, ಜ್ವರ, ಮೀನಖಂಡ ನೋವು, ಕಣ್ಣು ಕೆಂಪು. ಇಲಿಜ್ವರ ಎಂದು ಯಾರಿಗಾದರೂ ಅನ್ನಿಸುವ ಚಿತ್ರ. ಸಾವಿರದಲ್ಲಿ 400 ಎಂದಿಟ್ಟುಕೊಂಡೆ. ಎರಡೂ ಇರುವವು 360, ಚುಕ್ಕಿ ಮಾತ್ರ 40, ಬಿಳಿ ಮಾತ್ರ 60, ಬರಿಯವು 540. ಬಿಳಿ 420, ಅದರಲ್ಲಿ ಚುಕ್ಕಿ 360. ನೂರಕ್ಕೆ 86. ಟೆಸ್ಟ್ ಅದೇ, ಮುಂದೆ ಕುಳಿತವರು ಬೇರೆ.

ಇಲ್ಲಿಗೆ ನಿಲ್ಲಿಸಬಾರದು. ಎರಡನೇ ಸೆಟ್‌ನಲ್ಲಿ ಬಿಳಿ ಅಲ್ಲದ 580 ಬೀಜಗಳನ್ನೂ ಮಗುಚಿಸಬೇಕು. ಅಲ್ಲಿ 40 ಚುಕ್ಕಿ ಇದೆ, ಹದಿನಾಲ್ಕು-ಹದಿನೈದಕ್ಕೆ ಒಂದು. 'ನೆಗೆಟಿವ್ ಬಂತು, ಮನೆಗೆ ಕಳಿಸಿ' ಎನ್ನುವ ಮಾತು ಆ ಹೊತ್ತಿಗೆ ಕೋಣೆಯಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ. ಇಲಿಜ್ವರದ ಸಾಮಾನ್ಯ ಟೆಸ್ಟ್ ಹುಡುಕುವುದು ರಕ್ತದಲ್ಲಿನ ಐಜಿಎಂ ಪ್ರತಿಕಾಯವನ್ನು, ಅದು ಕಾಣಿಸಿಕೊಳ್ಳಲು ಜ್ವರ ಶುರುವಾಗಿ ಐದಾರು ದಿನ ಬೇಕು. ಮೂರನೇ ದಿನಕ್ಕೇ ಬಂದವರ ಸೆಟ್ ಮಾಡಿ ಸೆನ್ಸಿಟಿವಿಟಿಯನ್ನು 40ಕ್ಕೆ ಇಳಿಸಿದರೆ ಚುಕ್ಕಿ ಇದ್ದೂ ಬಿಳಿ ಇಲ್ಲದವು 240 ಆಗುತ್ತವೆ. ಅನುಮಾನ ಬಲವಾಗಿದ್ದರೆ ರಿಪೋರ್ಟ್‌ಗೆ ಕಾಯದೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಏಕೆ ಶುರು ಮಾಡುತ್ತಾರೆ ಎಂದು ಮೆಡಿಸಿನ್ ವಾರ್ಡಿನಲ್ಲಿ ಬಾಯಿಪಾಠ ಮಾಡಿಸಿದ್ದಕ್ಕೆ ಇಲ್ಲಿ ಲೆಕ್ಕ ಸಿಗುತ್ತದೆ. ಬೇಸಿಗೆಯ ಮುಂಚೆ ಸಿದ್ದಾಪುರದ ಕಾಡಂಚಿನಿಂದ ಬಂದ ಜ್ವರ, ಮಂಗ ಸತ್ತ ಸುದ್ದಿ ಇದ್ದರೆ, ಮಂಗನ ಕಾಯಿಲೆಯ ಅನುಮಾನ, ಬೇರೆಯೇ ಸೆಟ್. ಊರು ಮತ್ತು ತಿಂಗಳು ಕೇಳದೆ ಟೆಸ್ಟ್ ಓದಬಾರದು ಎಂದು ಬಾಯಲ್ಲಿ ಎಷ್ಟು ಸಲ ಹೇಳಿದರೂ ಹತ್ತದ್ದು ಸೆಟ್ ಬದಲಿಸಿದಾಗ ಹತ್ತುತ್ತದೆ.

ತಯಾರಿಯಲ್ಲಿ ಕೆಟ್ಟದ್ದನ್ನೂ ಹೇಳಬೇಕು. ಎರಡು ಸೆಟ್‌ಗೆ ಸೇರಿ 536 ಬೀಜ ತಿಕ್ಕಬೇಕು. ಗ್ರೈಂಡರ್ ಚಕ್ರಕ್ಕೆ ಹಿಡಿದರೆ ಸುಟ್ಟು ಕಪ್ಪಾಗುತ್ತದೆ. ನೆನೆಸಿ ತಿಕ್ಕಿದರೆ ಬೇಗ ಬಿಳಿಯಾಗುತ್ತದೆ, ಆದರೆ ಉಬ್ಬಿ ಬೂಸ್ಟು ಹಿಡಿಯುತ್ತದೆ. ಒಣ ಬೀಜ, 80 ನಂಬರಿನ ಉಪ್ಪುಕಾಗದ, ಬೀಜಕ್ಕೆ ಒಂದು ನಿಮಿಷ. ಇಬ್ಬರಿಗೆ ಕೂಲಿ ಕೊಟ್ಟು ಮಾಡಿಸಿದೆ, ಸುಮಾರು 1,200 ರೂಪಾಯಿ ಆಯಿತು. ಹುಳ ಬಾರದಿರಲಿ ಎಂದು ಒಂದು ಸಲ ಬಾಣಲೆಯಲ್ಲಿ ಹುರಿದೆ. ಸಿಪ್ಪೆ ಬಿರಿದು ಉದುರಿ ಸಾವಿರಕ್ಕೆ ಸಾವಿರವೂ ಬಿಳಿಯಾಯಿತು, ಅಂದರೆ ಊರಿಗೆಲ್ಲ ಪಾಸಿಟಿವ್. ಬಿಸಿಲಿಗೆ ಹಾಕಿದರೆ ಸಾಕು, ಹುರಿಯಬೇಡಿ. ಚುಕ್ಕಿಗೆ ಮಾರ್ಕರ್ ಪೆನ್ ಬೇಡ, ಬೆವರು ಕೈಗೆ ಅಳಿಸುತ್ತದೆ. ಉಗುರು ಬಣ್ಣ ಎರಡು ಶೀಶೆ, 420 ಚುಕ್ಕಿಗೆ ಸಾಕಾಗಿ ಉಳಿಯಿತು. ಎಲ್ಲ ಸೇರಿ, ಹಾಳಾದದ್ದನ್ನು ಬಿಟ್ಟರೆ, 2,000 ರೂಪಾಯಿಯ ಒಳಗೆ. ಹಾಳಾದದ್ದನ್ನು ಸೇರಿಸಿದರೆ ಅದರ ಎರಡೂವರೆ ಪಟ್ಟು.

ಸಾವಿರವನ್ನು ಒಂದೇ ತಟ್ಟೆಯಲ್ಲಿ ಇಡಬೇಡಿ. ಚೀಲದಲ್ಲಿ ಚೆನ್ನಾಗಿ ಕಲಸಿ ನೂರು ನೂರರಂತೆ ಹತ್ತು ತಟ್ಟೆ. ಜೋಡಿಸುವುದು ಸೀನಿಯರ್ ಬ್ಯಾಚಿನವರು. ತಟ್ಟೆ ಒಯ್ಯುವಾಗ ಬೀಜ ಮಗುಚದಂತೆ ಕೂರಿಸುವುದಕ್ಕೆ ಒಂದು ಉಪಾಯ ಇದೆ. ಅದಕ್ಕೇ ನನಗೆ ಒಂದು ವರ್ಷ ಹಿಡಿದದ್ದು, ಇಲ್ಲಿ ಬರೆಯುವುದಿಲ್ಲ. ಕಾರವಾರಕ್ಕೆ ಬಂದವರಿಗೆ ತೋರಿಸುತ್ತೇನೆ.

ಹತ್ತು ತಟ್ಟೆ ಮಾಡಿದ್ದರಿಂದ ಎಣಿಸದ ಒಂದು ಲಾಭ ಬಂತು. ಮೊದಲ ಸೆಟ್‌ನಲ್ಲಿ ತಟ್ಟೆಗೆ ಸರಾಸರಿ ಎರಡು ಚುಕ್ಕಿ. ಆದರೆ ಒಂದು ಗುಂಪಿಗೆ ಒಂದೂ ಸಿಗುವುದಿಲ್ಲ, ಇನ್ನೊಂದಕ್ಕೆ ಐದು. ಗುಂಪುಗಳ ನಡುವೆ ಜಗಳವೇ ಹತ್ತುತ್ತದೆ, ಪ್ರತಿಯೊಬ್ಬರೂ ತಮ್ಮ ತಟ್ಟೆಯೇ ಸರಿ ಎನ್ನುತ್ತಾರೆ. ಎಲ್ಲ ತಟ್ಟೆಯ ಬಿಳಿ ಬೀಜಗಳನ್ನು ಒಂದೇ ಕಡೆ ಸುರಿದಾಗ 116ಕ್ಕೆ 18. ಸ್ಯಾಂಪಲ್ ಸೈಜ್ (ಎಷ್ಟು ಜನರನ್ನು ನೋಡಬೇಕು), ಕಾನ್ಫಿಡೆನ್ಸ್ ಇಂಟರ್ವಲ್ (ನಿಜ ಪ್ರಮಾಣ ಎಷ್ಟರಿಂದ ಎಷ್ಟರವರೆಗೆ ಇರಬಹುದು) ಎರಡೂ ಆ ಜಗಳದಲ್ಲೇ ಮುಗಿಯುತ್ತವೆ. ಚುಕ್ಕಿ ಸಿಗದ ಗುಂಪಿಗೆ ಅಲ್ಲಿಯೇ ಮೂರರ ನಿಯಮ ಹೇಳುತ್ತೇನೆ: ನೂರರಲ್ಲಿ ಸೊನ್ನೆ ಕಂಡರೆ ನಿಜ ಪ್ರಮಾಣ ನೂರಕ್ಕೆ ಮೂರರವರೆಗೂ ಇರಬಹುದು, ಮೂರನ್ನು ಸ್ಯಾಂಪಲ್ ಸಂಖ್ಯೆಯಿಂದ ಭಾಗಿಸಿದರೆ ಆಯಿತು. 'ಹೊಸ ಮಾತ್ರೆ ಇಪ್ಪತ್ತು ಜನರಿಗೆ ಕೊಟ್ಟೆ, ಒಬ್ಬರಿಗೂ ರಿಯಾಕ್ಷನ್ ಇಲ್ಲ' ಎಂದವರಿಗೆ ಉತ್ತರ: ನೂರಕ್ಕೆ 15ರವರೆಗೂ ಇರಬಹುದು. ಇದನ್ನು ಮಕ್ಕಳು ಮರೆಯುವುದೇ ಇಲ್ಲ.

ಬಿಪಿ ಕ್ಲಾಸ್ ನನಗೆ ಬೀಜದಷ್ಟೇ ಇಷ್ಟ, ಖರ್ಚೂ ಇಲ್ಲ. ಒಬ್ಬರಿಗೊಬ್ಬರು ನಾಲ್ಕು ನಾಲ್ಕು ಸಲ ಬಿಪಿ ನೋಡಿ ಬರೆಯಲಿ, 600 ರೀಡಿಂಗ್ ಬರುತ್ತವೆ. ಸರಾಸರಿ ತೆಗೆಸಬೇಡಿ, ಸಿಸ್ಟಾಲಿಕ್‌ನ ಕೊನೆಯ ಅಂಕಿ ಮಾತ್ರ ಎಣಿಸಿಸಿ. ಪಾದರಸದ ಯಂತ್ರದಲ್ಲಿ ಗೆರೆ ಎರಡೆರಡು ಮಿಲಿಮೀಟರಿಗೆ, ಆದ್ದರಿಂದ 0, 2, 4, 6, 8 ಐದೂ ಸರಿಸುಮಾರು ಐದನೇ ಒಂದು ಪಾಲು ಬರಬೇಕು. ನಮ್ಮಲ್ಲಿ ಪ್ರತಿ ವರ್ಷ ಅರ್ಧಕ್ಕಿಂತ ಹೆಚ್ಚು ಸೊನ್ನೆ. ಜೊತೆಗೆ ಒಂದಿಷ್ಟು 125, 135. ಆ ಗೆರೆಯೇ ಯಂತ್ರದಲ್ಲಿಲ್ಲ! 138 ಅನ್ನು 140 ಎಂದು ಬರೆದರೆ ಒಬ್ಬ ಮೀನುಗಾರನ ಕಾರ್ಡಿನ ಮೇಲೆ ಬಿಪಿ ಎಂದು ಬೀಳುತ್ತದೆ. ದೊಡ್ಡ ಸಂಶೋಧನೆಯ ಡೇಟಾ ಓದುವ ಮುಂಚೆ ತಮ್ಮ ಕೈಯ ಡೇಟಾ ಎಷ್ಟು ಕೊಳೆ ಎಂದು ನೋಡಲಿ. ಇದೇ ಕ್ಲಾಸಿನಲ್ಲಿ ಹಿಮೋಗ್ಲೋಬಿನ್ ಪಟ್ಟಿಯೊಂದನ್ನೂ ಕೊಡುತ್ತೇನೆ: 11.2, 9.8, 112, 10.4, 999. ಚುಕ್ಕೆ ಬಿಟ್ಟುಹೋದದ್ದು ಒಂದು, ರಿಪೋರ್ಟ್ ಸಿಗದವರಿಗೆ ಹಾಕಿದ ಸಂಕೇತ ಒಂದು. ಸಾಫ್ಟ್‌ವೇರ್ ಇವೆರಡನ್ನೂ ಸೇರಿಸಿಯೇ ಸರಾಸರಿ ಕೊಡುತ್ತದೆ, ಗದರುವುದಿಲ್ಲ. ನಾವು ಬಳಸುವುದು ಉಚಿತವಾಗಿ ಸಿಗುವ ಜಮೋವಿ ಮತ್ತು ಓಪನ್‌ಎಪಿ. ದುಬಾರಿ ಲೈಸೆನ್ಸಿಗೆ ದುಡ್ಡು ಹಾಕುವ ಅಗತ್ಯ ಈ ಹಂತದಲ್ಲಿ ಖಂಡಿತ ಇಲ್ಲ. ಈ ಪಾಠಗಳ ಸಾಲಿನಲ್ಲಿ ಎಂಟನೆಯದಕ್ಕೆ ಬರುವವರೆಗೆ ಅವನ್ನೂ ತೆರೆಯಬಾರದು.

ಮೀನಿನ ಪ್ರಯೋಗ ಮಾತ್ರ ನೆಲ ಕಚ್ಚಿತು. ಮೀನು ಮಾರ್ಕೆಟ್ಟಿನಿಂದ ಸುಮಾರು 900 ರೂಪಾಯಿಯ ಬಂಗಡೆ ತಂದು ಉದ್ದ ಅಳೆಸಿದೆವು. ಗಂಟೆಯಾಕಾರದ ಚಿತ್ರ ಬರಬೇಕಿತ್ತು, ಬಂದದ್ದು ಒಂದೇ ಕಂಬ. ಮಾರುವವರು ಗಾತ್ರ ನೋಡಿ ಬುಟ್ಟಿ ಬೇರೆ ಬೇರೆ ಮಾಡಿಟ್ಟಿದ್ದರು, ನಾನು ತಂದದ್ದು ಒಂದು ಬುಟ್ಟಿಯದ್ದು. ನಾರ್ಮಲ್ ಕರ್ವ್ ಹೋಯಿತು, ಸೆಲೆಕ್ಷನ್ ಬಯಾಸ್ ಸಿಕ್ಕಿತು. ಆಸ್ಪತ್ರೆಗೆ ಬರುವ ರೋಗಿಗಳೂ ಆರಿಸಿ ಬಂದ ಬುಟ್ಟಿಯೇ. ಸಂಖ್ಯಾಶಾಸ್ತ್ರಜ್ಞ ಜೋಸೆಫ್ ಬರ್ಕ್‌ಸನ್ 1946ರಲ್ಲಿ ಹೇಳಿದ್ದು ಇದನ್ನೇ. ಈಗ ಮೀನು ತರುವುದಿಲ್ಲ, ಆ ಕಥೆಯ ಅಳತೆಗಳನ್ನಷ್ಟೇ ಹಂಚುತ್ತೇನೆ.

ಬರೀ ಆಕಸ್ಮಿಕದಿಂದಲೇ ಇಷ್ಟು ಅಥವಾ ಇದಕ್ಕೂ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ ಎಷ್ಟು ಎನ್ನುವ ಪಿ ವ್ಯಾಲ್ಯೂಗೆ ರಾಶಿ ಸಾಕು. 150 ಮಕ್ಕಳು ಇಪ್ಪತ್ತು ಇಪ್ಪತ್ತು ಸಲ ನಾಣ್ಯ ಚಿಮ್ಮಲಿ, ಫಲಿತಾಂಶವನ್ನು ಹನ್ನೆರಡು ರಾಶಿಗೆ ಹಂಚಿ. ಪ್ರತಿ ವರ್ಷ ಯಾವುದೋ ಒಂದು ರಾಶಿಗೆ 'ಹೆಡ್ ಯೋಗ' ಬಂದೇ ಬರುತ್ತದೆ, ಮರುವರ್ಷ ಬೇರೆ ರಾಶಿಗೆ. ಆಮೇಲೆ 1988ರ ಐಸಿಸ್-2 ತೆಗೆಯಿರಿ. ಹೃದಯಾಘಾತದ 17,187 ರೋಗಿಗಳ ಆ ಟ್ರಯಲ್‌ನಲ್ಲಿ ಹುಟ್ಟಿದ ತಾರೀಖಿನ ರಾಶಿ ಪ್ರಕಾರ ವಿಂಗಡಿಸಿದರೆ ಮಿಥುನ, ತುಲಾದವರಿಗೆ ಆಸ್ಪಿರಿನ್ ಕೆಲಸ ಮಾಡಿದಂತೆ ಕಾಣಲಿಲ್ಲ. ಸಬ್‌ಗ್ರೂಪ್, ಅಂದರೆ ರೋಗಿಗಳನ್ನು ಒಡೆದು ಮಾಡಿದ ಒಳಗುಂಪು, ಎಷ್ಟು ಮೋಸ ಮಾಡುತ್ತದೆ ಎಂದು ತೋರಿಸಲೆಂದೇ ಲೇಖಕರು ಅದನ್ನು ಹಾಕಿದ್ದು. ಅದೇ ಟ್ರಯಲ್‌ನ ಮುಖ್ಯ ಅಂಕಿಗೆ ಮತ್ತೆ ಬೀಜಕ್ಕೆ ಬನ್ನಿ: ಐದು ವಾರದಲ್ಲಿ ಆಸ್ಪಿರಿನ್ ಇಲ್ಲದ ಸಾವಿರದಲ್ಲಿ ಹೃದಯ, ರಕ್ತನಾಳದ ಕಾರಣದಿಂದ 118 ಸಾವು, ಕೊಟ್ಟ ಸಾವಿರದಲ್ಲಿ 94. ಉಳಿದವರು 24, ಅಂದರೆ 42 ಜನರಿಗೆ ಕೊಟ್ಟರೆ ಒಂದು ಜೀವ. 'ನೂರಕ್ಕೆ 20 ಇಳಿಕೆ' ಎಂದರೂ ಅದೇ, ಕೇಳುವವರಿಗೆ ಮಾತ್ರ ಬೇರೆ ಕೇಳಿಸುತ್ತದೆ.

ನನ್ನ ಕ್ಲಾಸಿನ ಕೊನೆಯ ಪರೀಕ್ಷೆ ಬರವಣಿಗೆಯಲ್ಲಿ ಅಲ್ಲ. ಮೂರು ನಿಮಿಷ, ಎದುರಿಗೆ ರೋಗಿಯಾಗಿ ಕುಳಿತವರು, ಕೈಯಲ್ಲಿ ಒಂದು ಪಾಸಿಟಿವ್ ರಿಪೋರ್ಟ್. ಕನ್ನಡದಲ್ಲೋ ಕೊಂಕಣಿಯಲ್ಲೋ ವಿವರಿಸಬೇಕು, 'ಪರ್ಸೆಂಟ್' ಎನ್ನುವಂತಿಲ್ಲ.

'ಅಕ್ಕಾ, ನಿಮ್ಮ ಹಾಗೆ ಏನೂ ತೊಂದರೆ ಇಲ್ಲದೆ ಬಂದು ಈ ರಿಪೋರ್ಟ್ ಬಂದವರು ನೂರು ಜನ ಇದ್ದರೆ, ಅದರಲ್ಲಿ ಹದಿನಾರು ಜನರಿಗೆ ಮಾತ್ರ ಕಾಯಿಲೆ ಇರುತ್ತದೆ. ಇನ್ನೊಂದು ಟೆಸ್ಟ್ ಮಾಡಿ ನೋಡುವ.'

ಇಷ್ಟು ಹೇಳಿದರೆ ಹೆಚ್ಚಿನ ಅಂಕ ಬಂದಂತೆ. ಅಂಕ ಹಾಕುವ ಹಾಳೆಯಲ್ಲಿ ಇನ್ನೂ ಎರಡು ಅಂಶ ಇವೆ, ಮಕ್ಕಳು ಓದುವ ಜಾಗದಲ್ಲಿ ಅವನ್ನು ಬರೆಯಲಾರೆ. ಕೈ ಸ್ಕ್ವೇರ್ ಲೆಕ್ಕಕ್ಕೆ ಒಂದು ತಾಸು ಸಾಕಾಗುತ್ತದೆ, ನಾಲ್ಕು ಮನೆಯ ಪಟ್ಟಿಯನ್ನು ಅಷ್ಟರಲ್ಲಿ ಬೀಜದಿಂದ ಹತ್ತಾರು ಸಲ ತುಂಬಿಸಿರುತ್ತಾರೆ. ಪರೀಕ್ಷೆಯಲ್ಲಿ ಆ ಪ್ರಶ್ನೆಯ ಅಂಕ ಒಂದು ವರ್ಷವೂ ಇಳಿದಿಲ್ಲ.

ಕ್ಲಾಸ್ ಮುಗಿದ ಮೇಲೆ ಬೀಜಗಳನ್ನು ಎಣಿಸಿಯೇ ಡಬ್ಬಕ್ಕೆ ಹಾಕಿ. ಪ್ರತಿ ವರ್ಷ ಐದಾರು ಕಳೆಯುತ್ತವೆ, ಹೆಚ್ಚಾಗಿ ಚುಕ್ಕಿ ಇರುವವೇ. ಮೊದಲ ಸೆಟ್‌ನಲ್ಲಿ ಮೂರು ಚುಕ್ಕಿ ಹೋದರೆ 20 ಇದ್ದದ್ದು 17 ಆಗಿ ಲೆಕ್ಕವೇ ಕೆಡುತ್ತದೆ. ಮೇ ತಿಂಗಳ ಬಿಸಿಲಿಗೆ ಎರಡು ದಿನ ಹಾಕಿ, ತವರದ ಡಬ್ಬದಲ್ಲಿ ಬೇವಿನ ಸೊಪ್ಪಿನ ಜೊತೆ ಮುಚ್ಚಿಡಿ. ಎರಡೂ ಬಗೆಯ ಚುಕ್ಕಿ ಬೀಜ ಹತ್ತು ಹತ್ತು ಹೆಚ್ಚುವರಿ ಇರಲಿ.