ಹೊಗೆಯಿಲ್ಲದ ಸೌದೆ ಒಲೆ: ಅಳೆದು ಕಟ್ಟುವ ಕ್ರಮ

ಹೊಗೆಯಿಲ್ಲದ ಒಲೆ ಕಟ್ಟಿಕೊಡಿ ಎಂದು ಯಾರಾದರೂ ಕರೆದರೆ ನಾನು ಮೊದಲು ಆ ಮನೆಯ ಪಾತ್ರೆಗಳ ಅಳತೆ ತೆಗೆದುಕೊಳ್ಳುತ್ತೇನೆ. ಅನ್ನದ ತಪ್ಪಲೆ, ಸಾರಿನ ಪಾತ್ರೆ, ಮುದ್ದೆ ಮಡಕೆ, ಒಂದೊಂದರ ಹೊಟ್ಟೆಯ ಸುತ್ತಳತೆ, ತಳದ ಅಗಲ, ಆಳ. ಆಮೇಲೆ ಸೌದೆ. ತೆಂಗಿನ ಗರಿ ಉರಿಸುವ ಮನೆಗೂ ತೊಗರಿ ಕಟ್ಟಿಗೆ ಉರಿಸುವ ಮನೆಗೂ ಒಂದೇ ಒಲೆ ಹೊಂದುವುದಿಲ್ಲ. ಅಡುಗೆ ಮಾಡುವವರು ಕೂತು ಮಾಡುತ್ತಾರೋ ನಿಂತೋ, ಯಾವ ಕೈಯಲ್ಲಿ ಸೌದೆ ತಳ್ಳುತ್ತಾರೆ, ಮಳೆಗಾಲದ ಗಾಳಿ ಯಾವ ಕಡೆಯಿಂದ ಬರುತ್ತದೆ, ಇದನ್ನೆಲ್ಲ ಅವರನ್ನೇ ಕೇಳಬೇಕು. ಮನೆಯ ಗಂಡಸರು ಹೇಳುವ ಉತ್ತರದ ಮೇಲೆ ಕಟ್ಟಿದ ಒಲೆ ಹೆಚ್ಚು ದಿನ ಉಳಿಯುವುದಿಲ್ಲ.

ಅಳೆಯುವ ಈ ಶಿಸ್ತು ನಮ್ಮಲ್ಲಿ ಹೊಸದಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ ಶುರುಮಾಡಿದ 'ಅಸ್ತ್ರ' ತಂಡ ತುಮಕೂರು ಜಿಲ್ಲೆಯ ಉಂಗ್ರ ಸುತ್ತಿನ ಹಳ್ಳಿಗಳಲ್ಲಿ ಇಂಧನದ ಲೆಕ್ಕ ಹಾಕಿತು. ಸೌದೆ ಎಷ್ಟು ಎನ್ನುವುದರ ಜೊತೆಗೆ ಅದನ್ನು ಆರಿಸಿ ತರಲು ಹೆಂಗಸರು, ಮಕ್ಕಳು ಎಷ್ಟು ಹೊತ್ತು ಕಳೆಯುತ್ತಾರೆ ಎನ್ನುವುದನ್ನೂ ಎಣಿಸಿತು. ಮೂರು ಪಾತ್ರೆ ಕೂರುವ, ಜಾಲರಿ ಮತ್ತು ಹೊಗೆಕೊಳವೆ ಇರುವ ಅಸ್ತ್ರ ಒಲೆ ಆ ತಂಡದ್ದು. ನಾನು ಕಟ್ಟುವುದು ಅದೇ ತತ್ವದ ಎರಡು ಪಾತ್ರೆಯ ಒಲೆ. ಒಂದೇ ಉರಿಯಲ್ಲಿ ಪಕ್ಕದ ಎರಡನೇ ಪಾತ್ರೆಯೂ ಕಾಯುವ ನಮ್ಮ ಹಳೆಯ ಕೋಡೊಲೆಗೆ ಒಗ್ಗಿದವರಿಗೆ ಇದು ಬೇಗ ಕೈಹಿಡಿಯುತ್ತದೆ.

ಹಳೆ ಒಲೆಯನ್ನು ಒಡೆಯುವ ಮುಂಚೆ ಅದರ ಲೆಕ್ಕ ಬರೆದಿಟ್ಟುಕೊಳ್ಳಿ. 5 ಲೀಟರ್ ನೀರಿಟ್ಟು, ತೂಗಿದ ಸೌದೆಯಿಂದ ಕುದಿಸಿ. ಕೋಲಾರ, ತುಮಕೂರಿನ ಕಡೆ ನೆಲವೇ ಸಮುದ್ರಮಟ್ಟಕ್ಕಿಂತ 800-900 ಮೀಟರ್ ಎತ್ತರದಲ್ಲಿರುವುದರಿಂದ ನೀರು 97 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. 25 ಡಿಗ್ರಿಯಿಂದ ಅಲ್ಲಿಗೆ ಏರಿಸಲು ಬೇಕಾಗುವ ಶಾಖ ಸುಮಾರು 1,500 ಕಿಲೋಜೂಲ್. ಗಾಳಿಗೆ ಒಣಗಿದ ಒಂದು ಕೆಜಿ ಸೌದೆಯಲ್ಲಿ ಇರುವುದು ಸುಮಾರು 15,000. ಒಂದು ಕೆಜಿ ಖರ್ಚಾದರೆ ದಕ್ಷತೆ ಶೇ. 10, ಅರ್ಧ ಕೆಜಿಯಲ್ಲಿ ಮುಗಿದರೆ ಶೇ. 20. ಉಳಿದ ಕೆಂಡವನ್ನು ನಂದಿಸಿ ತೂಗಿ, ಅದರ ಎರಡರಷ್ಟು ತೂಕವನ್ನು ಖರ್ಚಾದ ಸೌದೆಯಿಂದ ಕಳೆಯಬೇಕು. ಇದ್ದಿಲಿನ ಶಾಖ ಅದೇ ತೂಕದ ಸೌದೆಯ ಹತ್ತಿರಹತ್ತಿರ ಎರಡು ಪಟ್ಟು. ಆವಿಯಾಗಿ ಹೋದ ನೀರನ್ನೂ ಲಾಭಕ್ಕೆ ಸೇರಿಸಿಕೊಳ್ಳುವ ವಿಧಾನವಿದೆ. ನಾನು ಸೇರಿಸುವುದಿಲ್ಲ. ಅಡುಗೆಮನೆಗೆ ಬೇಕಾದದ್ದು ಬೆಂದ ಅನ್ನ, ಆವಿಯಲ್ಲ.

ಇನ್ನು ಒಲೆಯ ಒಳಮೈ. ನೆಲದಿಂದ 3 ಇಂಚು ಮೇಲೆ ಬೀಡು ಕಬ್ಬಿಣದ ಜಾಲರಿ, ಕಂಬಿಗಳ ನಡುವೆ ಬೆರಳಗಲದ ಸಂದು. ಬೂದಿ ಕೆಳಗೆ ಉದುರಬೇಕು, ಗಾಳಿ ಕೆಳಗಿನಿಂದ ಬರಬೇಕು. ಒಂದು ಕೆಜಿ ಸೌದೆ ಪೂರ್ತಿ ಉರಿಯಲು ಸುಮಾರು 6 ಕೆಜಿ ಗಾಳಿ ಬೇಕು; ಅದು ಕೆಂಡದ ಮೂಲಕ ಬಂದರೆ ಉರಿ, ದೊಡ್ಡ ಬಾಯಿಯಿಂದ ತಣ್ಣಗೆ ನುಗ್ಗಿದರೆ ಬರೀ ನಷ್ಟ. ಹಾಗಾಗಿ ಸೌದೆ ಬಾಯಿ 6 ಇಂಚು ಅಗಲ, 5 ಇಂಚು ಎತ್ತರ ಮೀರುವುದಿಲ್ಲ. ಜಾಲರಿಯಿಂದ ಮೊದಲ ಪಾತ್ರೆಯ ತಳಕ್ಕೆ 6 ಇಂಚು. ಇದು ತಗ್ಗಿದರೆ ಉರಿ ತಳಕ್ಕೆ ತಾಗಿ ತಣ್ಣಗಾಗಿ ಮಸಿ ಕಟ್ಟುತ್ತದೆ, ಹೆಚ್ಚಿದರೆ ಶಾಖ ಗೋಡೆಗೆ ಹೋಗುತ್ತದೆ.

ಹೊಗೆಯ ದಾರಿಯಲ್ಲಿ ಒಂದೇ ನಿಯಮ: ಎಲ್ಲೂ ಅದು ಕೊಳವೆಗಿಂತ ಕಿರಿದಾಗಬಾರದು. 4 ಇಂಚು ಕೊಳವೆಯ ಬಾಯಿ ಸುಮಾರು 12.5 ಚದರ ಇಂಚು. ಎರಡನೇ ಪಾತ್ರೆಗೆ ಹೋಗುವ ದಾರಿ 4 ಇಂಚು ಅಗಲ, 3.5 ಇಂಚು ಎತ್ತರ. 9 ಇಂಚು ಅಗಲದ ಪಾತ್ರೆಯಡಿ 1.5 ಇಂಚು ಸಂದು ಬಿಟ್ಟರೆ 13.5 ಚದರ ಇಂಚಾಯಿತು. ಬಿಸಿಗಾಳಿ ತಳವನ್ನು ಸವರಿಕೊಂಡು ಹೋಗುತ್ತದೆ. ಬಹಳಷ್ಟು ಒಲೆಗಳಲ್ಲಿ ಇಲ್ಲಿ ಗುಂಡಿ ಆಳವಾಗಿ ತೋಡಿರುತ್ತಾರೆ, ಎರಡನೇ ಪಾತ್ರೆ ಬೆಚ್ಚಗಾಗುವುದೇ ಇಲ್ಲ.

ಕೊಳವೆಯ ತುದಿ ಮಾಡಿನ ನೆತ್ತಿಗಿಂತ 2 ಅಡಿ ಮೇಲಿರಲಿ. ಮಳೆಟೋಪಿಗೂ ಕೊಳವೆಗೂ ನಡುವೆ ಕನಿಷ್ಠ 4 ಇಂಚು ಬಿಡಿ. ಸೋಗೆ ಮಾಡಾದರೆ ಕೊಳವೆ ಹಾಯುವಲ್ಲಿ ಸುತ್ತ ತಗಡಿನ ಚೌಕಟ್ಟು ಹಾಕಿ ಸೋಗೆಯನ್ನು ದೂರವಿಡಬೇಕು. ಕಲ್ನಾರಿನ ಕೊಳವೆ ಅಗ್ಗವಾದರೂ ಬೇಡ, ಕೊಯ್ಯುವಾಗ ಏಳುವ ದೂಳು ಶ್ವಾಸಕೋಶಕ್ಕೆ ವಿಷ. ಕೊಳವೆಯ ಬುಡದಲ್ಲಿ ಇಟ್ಟಿಗೆಯಿಂದ ಮುಚ್ಚುವ ತೂತೊಂದನ್ನು ಬಿಡಲೇಬೇಕು. ಮಸಿ ಕೆರೆಯುವುದು ಅಲ್ಲಿಂದ. ಮಳೆಗಾಲದಲ್ಲಿ ಕೊಳವೆ ತಣ್ಣಗಿದ್ದು ಹೊಗೆ ಹಿಂದಕ್ಕೆ ಹೊಡೆದರೆ, ಅದೇ ತೂತಿನಲ್ಲಿ ಒಣಗರಿ ಹಿಡಿಯಷ್ಟು ಉರಿಸಿ ಮುಚ್ಚಿದರೆ ಎಳೆತ ಶುರುವಾಗುತ್ತದೆ. ಈ ತೂತಿಲ್ಲದ ಒಲೆ ಮಸಿ ಕಟ್ಟಿದ ದಿನವೇ ಸತ್ತಂತೆ. ಮನೆಯವರು ಬಾಯಿಯನ್ನು ಒಡೆದು ಅಗಲ ಮಾಡಿಕೊಳ್ಳುತ್ತಾರೆ, ಅಡುಗೆಮನೆ ಮತ್ತೆ ಹೊಗೆ.

ಮಣ್ಣಿನ ಹದ ಪುಸ್ತಕದಲ್ಲಿ ಸಿಗುವುದಿಲ್ಲ. ಹುತ್ತದ ಮಣ್ಣು ಒಂದು ಪಾಲು, ಮರಳು ಎರಡು ಪಾಲು, ಭತ್ತದ ಹೊಟ್ಟು ಅರ್ಧ ಪಾಲು ಕಲಸಿ ಎರಡು ದಿನ ಕೊಳೆಹಾಕಿ. ಒಂದು ಅಚ್ಚು ಮಾಡಿ ನೆರಳಲ್ಲಿ ಒಣಗಿಸಿ ನೋಡಿ. ಬಿರಿದರೆ ಮರಳು ಕಡಿಮೆ, ಉಜ್ಜಿದರೆ ಉದುರಿದರೆ ಮರಳು ಜಾಸ್ತಿ. ಕಟ್ಟಿದ ಮೇಲೆ ಎರಡು ವಾರ ನೆರಳಲ್ಲೇ ಆರಲಿ, ಆಮೇಲೆ ಸಣ್ಣ ಉರಿ. ಅವಸರದಲ್ಲಿ ದೊಡ್ಡ ಉರಿ ಕೊಟ್ಟರೆ ಪಾತ್ರೆಗುಂಡಿಯ ಅಂಚು ಸೀಳುತ್ತದೆ.

ಇಷ್ಟು ಮಾಡಿದರೂ ಊಟ ಬೇರೆಯಾದರೆ ಒಲೆ ಬದಲಾಗಬೇಕು. ಮುದ್ದೆ ತೊಳಸುವಾಗ ಬೀಳುವ ಬಲಕ್ಕೆ ಮಣ್ಣಿನ ಅಂಚು ನಿಲ್ಲುವುದಿಲ್ಲ; ಮೊದಲ ಗುಂಡಿಗೆ ಕಬ್ಬಿಣದ ಬಳೆ ಹೂಳುತ್ತೇನೆ, ಪಕ್ಕದಲ್ಲಿ ಮಡಕೆ ಇಳಿಸಿ ಕವೆಗೋಲಿನಿಂದ ಅದುಮಿ ಹಿಡಿಯುವಷ್ಟು ಜಾಗ ಬಿಡುತ್ತೇನೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯನ್ನು ಹಂಚಿನಿಂದ ತೆಗೆದು ಕೆಂಡಕ್ಕೆ ಆನಿಸಿ ಉಬ್ಬಿಸುತ್ತಾರೆ. ಮುಚ್ಚಿದ ಒಲೆಯಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಬಾಯಿಯ ಮುಂದೆ 6 ಇಂಚಿನ ಕಟ್ಟೆ ಕೊಟ್ಟರೆ ಕೆಂಡ ಎಳೆದುಕೊಳ್ಳಬಹುದು, ಆದರೆ ಕೆಂಡದಿಂದ ಕಾಣದ ವಿಷಾನಿಲ ಬರುವುದರಿಂದ ಹತ್ತಿರ ಕಿಟಕಿ ತೆರೆದಿರಬೇಕು.

ಮಲೆನಾಡಿನಲ್ಲಿ ಹೊಗೆಗೂ ಕೆಲಸವಿತ್ತು. ಒಲೆಯ ಮೇಲಿನ ಅಟ್ಟದಲ್ಲಿಟ್ಟ ಬೀಜಕ್ಕೆ, ಮಾಡಿನ ಗಳಕ್ಕೆ ಅದು ಹುಳ ಬೀಳದಂತೆ ಕಾಯುತ್ತಿತ್ತು. ಹೊಗೆ ಹೊರಗೆ ಹೋಯಿತೆಂದರೆ ಬೀಜಕ್ಕೆ ಬೇರೆ ಕಾವಲು ಬೇಕು. ಬಿಗಿ ಮುಚ್ಚಳದ ಡಬ್ಬ, ಬೂದಿ ಬೆರೆಸಿ ಇಡುವುದು, ಇದನ್ನು ಒಲೆ ಕಟ್ಟುವ ದಿನವೇ ಹೇಳಿಬಿಡುವುದು ನ್ಯಾಯ. ಕಣ್ಣು, ಎದೆ ಉಳಿಯುವ ಲಾಭದ ಮುಂದೆ ಇದು ಸಣ್ಣ ತೊಂದರೆ, ಆದರೆ ತೊಂದರೆಯೇ.

ಗ್ಯಾಸ್ ಬಂದ ಮನೆಗಳಲ್ಲೂ ಸ್ನಾನದ ನೀರಿಗೆ ಸೌದೆ ಉರಿಯುತ್ತಲೇ ಇದೆ. ಅಂಥ ಕಡೆ ಅಡುಗೆ ಒಲೆಗಿಂತ ಬಚ್ಚಲ ಒಲೆಯನ್ನೇ ಮೊದಲು ಸರಿಪಡಿಸಿ: ಅದೇ ಜಾಲರಿ, ಅದೇ ಕೊಳವೆ, ಹಂಡೆಯ ಸುತ್ತ ಮುಕ್ಕಾಲು ಇಂಚು ಸಂದು ಬಿಟ್ಟು ಮಣ್ಣಿನ ಗೋಡೆ. ಹಂಡೆಯ ಕತ್ತಿನ ಬಳಿ ಸಂದನ್ನು ಮುಚ್ಚಿ, ಹೊಗೆ ಕೊಳವೆಯಲ್ಲೇ ಹೋಗುವಂತೆ ಮಾಡಿ.